ಸಮಾನತೆಗೆ ಅರ್ಜಿ ಆಹ್ವಾನಿಸಲಾಗಿದೆ

ವಯಸ್ಸು ಮೂವತ್ತೈದು ದಾಟಿರಬಾರದು. ಬಡವರ ಮೇಲಿನ ಕಳಕಳಿಯನ್ನು ಐನೂರು ಪದ ಮೀರದಂತೆ ಇಂಗ್ಲಿಷಿನಲ್ಲಿ ಬರೆಯಲು ಬರಬೇಕು. ಆ ಕಳಕಳಿ ನಿಜವಾದದ್ದೇ ಎಂದು ಇಬ್ಬರು ಗಣ್ಯರು ಪತ್ರ ಕೊಡಬೇಕು. ಎರಡು ನಿಮಿಷದ ವಿಡಿಯೊ ಕಡ್ಡಾಯ; ಹಿಂದೆ ಪುಸ್ತಕದ ಕಪಾಟು ಕಾಣುತ್ತಿದ್ದರೆ ಒಳ್ಳೆಯದು. ಇಷ್ಟಿದ್ದರೆ ನೀವು ಬೆಂಗಳೂರಿನಲ್ಲಿ ಸಮಾನತೆಯ ನಗರ ವಿನ್ಯಾಸ ಮತ್ತು ನೀತಿ ನಿರೂಪಣೆಯ ಉದಯೋನ್ಮುಖ ನಾಯಕರಾಗಬಹುದು. ಹನ್ನೆರಡು ವಾರ, ಶನಿವಾರ ಭಾನುವಾರ ಮಾತ್ರ. ಊಟ, ಕಾಫಿ, ಬಟ್ಟೆಯ ಚೀಲ, ಪ್ರಮಾಣಪತ್ರ ಸಂಸ್ಥೆಯ ಕಡೆಯಿಂದ.

ಇದು ಯಾವ ಸಂಸ್ಥೆಯ ಪ್ರಕಟಣೆ ಎಂದು ಹುಡುಕಲು ಹೋಗಬೇಡಿ. ನಾಲ್ಕಾರು ಪ್ರಕಟಣೆಗಳನ್ನು ಕಲಸಿ ನಾನೇ ಮಾಡಿದ್ದು. ಮೂಲಕ್ಕೂ ನಕಲಿಗೂ ವ್ಯತ್ಯಾಸ ಕಂಡುಹಿಡಿದವರಿಗೆ ಬಟ್ಟೆಯ ಚೀಲ ಬಹುಮಾನ.

ನಾಯಕರನ್ನು ತಯಾರು ಮಾಡುವ ಇನ್ನೊಂದು ಶಾಲೆ ಈ ಊರಲ್ಲಿತ್ತು. ಹಡ್ಸನ್ ವೃತ್ತದ ಪಾಲಿಕೆ ಕಚೇರಿಯ ಆವರಣದಲ್ಲಿ, ಕೆಂಪೇಗೌಡ ಪೌರಸಭಾಂಗಣ ಎಂಬ ಹೆಸರಿನಲ್ಲಿ. ವಾರ್ಡಿಗೊಬ್ಬರಂತೆ ಅಲ್ಲಿ 198 ಸೀಟು. ಸೇರಲು ಪ್ರಬಂಧ ಬರೆಯಬೇಕಿರಲಿಲ್ಲ, ಬೀದಿ ಬೀದಿ ಅಲೆದು ಓಟು ಕೇಳಬೇಕಿತ್ತು. ಗಣ್ಯರ ಪತ್ರದ ಜಾಗದಲ್ಲಿ ವಾರ್ಡಿನ ಜನರ ಬೆರಳಿನ ಶಾಯಿ ಸಾಕಾಗುತ್ತಿತ್ತು. ಅರ್ಧದಷ್ಟು ಸೀಟು ಹೆಂಗಸರಿಗೆ, ಅದೂ ಕಾನೂನಿನ ಪ್ರಕಾರ. ಅದು ಬಲು ಒಳ್ಳೆಯ ಶಾಲೆಯಾಗಿತ್ತೆಂದು ನಾನೇನೂ ಹೇಳುತ್ತಿಲ್ಲ. ಗಲಾಟೆ, ಸಭಾತ್ಯಾಗ, ಗುತ್ತಿಗೆದಾರರ ಗುಸುಗುಸು, ಹೆಂಡತಿ ಗೆದ್ದ ವಾರ್ಡಿನಲ್ಲಿ ಗಂಡನ ದರಬಾರು, ಎಲ್ಲವೂ ಇತ್ತು. ಐದು ವರ್ಷಕ್ಕೆ ಐವರು ಮೇಯರ್‌ಗಳು. ಕುರ್ಚಿ ಬೆಚ್ಚಗಾಗುವಷ್ಟರಲ್ಲಿ ಎದ್ದು ಹೋಗಬೇಕು. ಆದರೂ ಮೋರಿ ಕಟ್ಟಿಕೊಂಡಾಗ ರಾತ್ರಿ ಹತ್ತಕ್ಕೆ ಹೋಗಿ ಬಾಗಿಲು ಬಡಿಯಲು ವಾರ್ಡಿನಲ್ಲಿ ಒಂದು ಮನೆ ಇತ್ತು. ಆ ಮನೆಯವರು ಬೈದರೂ ಬಾಗಿಲನ್ನಂತೂ ತೆಗೆಯುತ್ತಿದ್ದರು. ಐದು ವರ್ಷಕ್ಕೊಮ್ಮೆ ಅವರೂ ನಮ್ಮ ಬಾಗಿಲು ಬಡಿಯಬೇಕಿತ್ತಲ್ಲ.

2020ರ ಸೆಪ್ಟೆಂಬರ್ 10ಕ್ಕೆ ಆ ಶಾಲೆಗೆ ರಜೆ ಕೊಟ್ಟರು. ನಗರಪಾಲಿಕೆಯ ಅವಧಿ ಐದೇ ವರ್ಷ, ಅದು ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕು ಎಂದು ಸಂವಿಧಾನದ 243ಯು ವಿಧಿ ಹೇಳುತ್ತದೆ. ನಮ್ಮ ಸರ್ಕಾರಗಳಿಗೆ ಸಂವಿಧಾನದ ಮೇಲೆ ಅಪಾರ ಗೌರವ, ಅದಕ್ಕೇ ಅದನ್ನು ಮುಟ್ಟಲಿಲ್ಲ. ಅದರ ಬದಲು ಲೆಕ್ಕ ಮಾಡಲು ಕೂತವು. 198 ವಾರ್ಡು ಕಮ್ಮಿಯಾಯಿತು, 243 ಇರಲಿ ಎಂದರು. ಆಮೇಲೆ ಬಂದವರು 243 ಜಾಸ್ತಿಯಾಯಿತು, 225 ಸಾಕು ಎಂದರು. ಕೊನೆಗೆ ಪಾಲಿಕೆಯನ್ನೇ ಐದು ತುಂಡು ಮಾಡಿ 369 ಮಾಡಿದರು. ಹೈಕೋರ್ಟು ಚುನಾವಣೆ ನಡೆಸಿ ಅಂದಾಗ ಸುಪ್ರೀಂ ಕೋರ್ಟಿಗೆ ಓಡಿದರು. ಈ ಓಟದಲ್ಲಿ, ಈ ಲೆಕ್ಕದಲ್ಲಿ ಒಂದು ಇಡೀ ಅವಧಿ ಯಾರೂ ಗೆಲ್ಲದೆ, ಯಾರೂ ಸೋಲದೆ ಕಳೆದುಹೋಯಿತು. ಅದರಲ್ಲಿ ಮೊದಲರ್ಧ ಬಿಜೆಪಿ ಸರ್ಕಾರ, ಉಳಿದದ್ದು ಕಾಂಗ್ರೆಸ್ ಸರ್ಕಾರ. ಬೇರೆ ಯಾವ ವಿಷಯದಲ್ಲೂ ಈ ಎರಡು ಪಕ್ಷಗಳು ಇಷ್ಟು ಒಮ್ಮತದಿಂದ ನಡೆದುಕೊಂಡದ್ದನ್ನು ನಾನು ನೋಡಿಲ್ಲ.

ಮುಖ್ಯ ಶಾಲೆಗೆ ಬೀಗ ಬಿದ್ದ ಈ ಕಾಲದಲ್ಲಿಯೇ ಟ್ಯೂಷನ್‌ಗಳು ಶುರುವಾದವು. ಅವು ನಡೆಯುವ ಜಾಗವನ್ನು ನೋಡಬೇಕು. ಸಮಾನತೆಯ ಪಾಠಕ್ಕೆ ಸಾಮಾನ್ಯವಾಗಿ ಒಂದು ದೊಡ್ಡ ಹೋಟೆಲಿನ ಎರಡನೇ ಮಹಡಿ ಬೇಕಾಗುತ್ತದೆ. ಆ ಹೋಟೆಲಿನ ಮುಂದೆ ಫುಟ್‌ಪಾತ್ ಇರುವುದಿಲ್ಲ. ಇದ್ದರೆ ಗೇಟಿನವರೆಗೆ ಬಂದು, ಕಾರು ಒಳಗೆ ತಿರುಗಲು ಅನುಕೂಲವಾಗುವಂತೆ ಇಳಿಜಾರಾಗಿ ಮಾಯವಾಗುತ್ತದೆ. ಆಟೋದಲ್ಲಿ ಬಂದ ನಾಯಕರನ್ನು ಸೆಕ್ಯೂರಿಟಿಯವನು ಹೊರಗೇ ಇಳಿಸುತ್ತಾನೆ. ನಡೆದು ಬಂದವರನ್ನು ಯಾರು ಬೇಕು ಎಂದು ಕೇಳುತ್ತಾನೆ. ಕಾರಿನಲ್ಲಿ ಬಂದವರಿಗೆ ಸೆಲ್ಯೂಟು. ಊರಿನ ರಸ್ತೆ ನೀತಿ ಏನೆಂದು ತಿಳಿಯಲು ಇದಕ್ಕಿಂತ ಚೆನ್ನಾದ ಪ್ರಾಯೋಗಿಕ ತರಗತಿ ಬೇಕಿಲ್ಲ, ಆದರೆ ಅದು ಪಠ್ಯದಲ್ಲಿ ಇಲ್ಲದ್ದರಿಂದ ಎಲ್ಲರೂ ಬೇಗ ಬೇಗ ಮೇಲೆ ಹೋಗುತ್ತಾರೆ.

ಮೇಲೆ ಪರಿಚಯದ ಆಟ. ನಿಮ್ಮನ್ನು ನೀವು ಒಂದು ಮರಕ್ಕೆ ಹೋಲಿಸಿಕೊಳ್ಳಿ ಎನ್ನುತ್ತಾರೆ ಫೆಸಿಲಿಟೇಟರ್. ಒಬ್ಬರು ಅಶ್ವತ್ಥ, ಒಬ್ಬರು ಹೊಂಗೆ, ಮೂವರು ಗುಲ್‌ಮೊಹರ್. ಆ ಮರಗಳನ್ನು ರಸ್ತೆ ಅಗಲೀಕರಣಕ್ಕೆ ಕಡಿಯುವ ಆದೇಶ ಯಾವ ಕಚೇರಿಯಿಂದ ಹೊರಡುತ್ತದೆ, ಆಕ್ಷೇಪಣೆಗೆ ಎಷ್ಟು ದಿನ ಇರುತ್ತದೆ ಎಂಬುದನ್ನು ಮರಗಳಾದವರು ಕೇಳುವುದಿಲ್ಲ, ಹೇಳುವವರೂ ಇಲ್ಲ. ಆಮೇಲೆ ಬಣ್ಣದ ಅಂಟುಚೀಟಿಗಳು ಬರುತ್ತವೆ. ಗುಲಾಬಿ ಬಣ್ಣದ್ದು ಸಮಸ್ಯೆಗೆ, ಹಳದಿ ಭಾವನೆಗೆ, ಹಸಿರು ಪರಿಹಾರಕ್ಕೆ. ಸಂಜೆ ಹೊತ್ತಿಗೆ ಗೋಡೆ ತುಂಬ ಬೆಂಗಳೂರು. ಅದನ್ನು ಫೋಟೊ ತೆಗೆದು, ಚೀಟಿಗಳನ್ನೆಲ್ಲ ಕಿತ್ತು, ಒಂದು ಕರಿ ಚೀಲಕ್ಕೆ ತುಂಬಿ ಹೊರಗಿಡುತ್ತಾರೆ. ಮಾರನೆಯ ಬೆಳಿಗ್ಗೆ ಅದನ್ನು ಎತ್ತಿಕೊಂಡು ಹೋಗುವವಳು ಪೌರಕಾರ್ಮಿಕಳು. ಬೆಳಕು ಹರಿಯುವ ಹೊತ್ತಿಗೆ ಮಸ್ಟರಿಂಗ್ ಸೆಂಟರಿನಲ್ಲಿ ಹಾಜರಿ ಹಾಕಿ, ಬೀದಿ ಗುಡಿಸಿ ಬಂದವಳು. ಅವಳು ಈ ಕೋರ್ಸಿಗೆ ಅರ್ಜಿ ಹಾಕುವಂತಿಲ್ಲ. ಆದರೆ ಕೋರ್ಸಿನ ಮೂರನೆಯ ವಾರದಲ್ಲಿ ಅವಳಿದ್ದಾಳೆ, ಹದಿನೇಳನೆಯ ಸ್ಲೈಡಿನಲ್ಲಿ.

ನಾಲ್ಕನೆಯ ವಾರ ಕ್ಷೇತ್ರಭೇಟಿ. ಟೋಪಿ, ನೀರಿನ ಬಾಟಲಿ, ನೋಟ್‌ಬುಕ್ಕು ಹಿಡಿದು ನಾಯಕರು ಬೀದಿಗಿಳಿಯುತ್ತಾರೆ. ಫುಟ್‌ಪಾತಿನಲ್ಲಿ ಸೊಪ್ಪು ಮಾರುವ ಹೆಂಗಸು ಸಿಗುತ್ತಾಳೆ. ಸಂಭಾಷಣೆ ಸುಮಾರಾಗಿ ಹೀಗೆ ನಡೆಯುತ್ತದೆ:

"ಆಂಟಿ, ಐದು ನಿಮಿಷ ಮಾತಾಡ್ಬೋದಾ?"

"ಸೊಪ್ಪು ತಗೊಳ್ಳಿ ಸಾರ್, ಮಾತಾಡೋಣ."

"ಈ ಪಬ್ಲಿಕ್ ಸ್ಪೇಸ್ ನಿಮಗೆ ಹೇಗನ್ಸುತ್ತೆ?"

"ಯಾವ್ದು?"

"ಇದೇ, ನೀವು ಕೂತಿರೋ ಜಾಗ."

"ಹನ್ನೊಂದು ಗಂಟೆ ತನಕ ಚೆನ್ನಾಗಿರುತ್ತೆ. ಆಮೇಲೆ ಪೊಲೀಸ್ ಗಾಡಿ ಬರುತ್ತೆ."

ನಾಯಕರು ಗುಲಾಬಿ ಚೀಟಿಯ ಮೇಲೆ 'ಸ್ಥಳದ ಕಾಲಿಕ ಆಯಾಮ' ಎಂದು ಬರೆದುಕೊಳ್ಳುತ್ತಾರೆ.

"ನಿಮ್ಮ ಕನಸಿನ ರಸ್ತೆ ಹೇಗಿರ್ಬೇಕು ಆಂಟಿ?"

"ಒಂದು ಕಕ್ಕಸು ಇರ್ಬೇಕು ಸಾರ್. ಬೆಳಗಿನ ಜಾವ ಮಾರ್ಕೆಟ್ಟಿಗೆ ಹೊರಟೋಳು ಮನೆಗೆ ಹೋಗೋವರ್ಗೂ ನೀರು ಕುಡಿಯಲ್ಲ ನಾನು."

ಇದು ಹಳದಿ ಚೀಟಿಗೆ ಹೋಗುತ್ತದೆ, ಭಾವನೆಗಳ ಜೊತೆಗೆ. ಸಂಜೆಯ ಮಂಡನೆಯಲ್ಲಿ ಕಕ್ಕಸು ಬಿದ್ದುಹೋಗುತ್ತದೆ, ಯಾಕೆಂದರೆ ಆ ವಾರದ ವಿಷಯ 'ಸ್ಥಳದ ಆತ್ಮ'.

ಆ ಸೊಪ್ಪಿನವಳ ಬಗ್ಗೆ ಸ್ಲೈಡಿನಲ್ಲಿ ಬರದ ಒಂದು ಸಂಗತಿ ಇದೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಎಂಬುದೊಂದಿದೆ. ಅದರ ಪ್ರಕಾರ ಪ್ರತಿ ನಗರದಲ್ಲೂ ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಆ ಸಮಿತಿಯಲ್ಲಿ ಕನಿಷ್ಠ ನೂರಕ್ಕೆ 40 ಮಂದಿ ವ್ಯಾಪಾರಿಗಳೇ ಆಗಿರಬೇಕು, ಅವರನ್ನು ವ್ಯಾಪಾರಿಗಳೇ ಚುನಾಯಿಸಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಸಮೀಕ್ಷೆ ಮುಗಿದು ಎಲ್ಲರಿಗೂ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎತ್ತಂಗಡಿ ಮಾಡುವಂತಿಲ್ಲ. ಅಂದರೆ ಯಾವ ರಸ್ತೆಯಲ್ಲಿ ಯಾರು ಎಲ್ಲಿ ಕೂರಬೇಕು ಎಂದು ತೀರ್ಮಾನಿಸುವ ಮೇಜಿನ ಸುತ್ತ ಕೂರಲು ಸಂಸತ್ತೇ ಅವಳಿಗೆ ಕುರ್ಚಿ ಕೊಟ್ಟಿದೆ. ಅವಳು ಕಾನೂನಿನ ಕಣ್ಣಲ್ಲಿ ನಗರ ವಿನ್ಯಾಸಕಿ. ಕೋರ್ಸಿನ ಕಣ್ಣಲ್ಲಿ ಫಲಾನುಭವಿ. 2023ರ ನವೆಂಬರಿನಲ್ಲಿ ಜಯನಗರ ನಾಲ್ಕನೇ ಬ್ಲಾಕಿಗೆ ತೆರವು ಮಾಡಲು ಬಂದ ಲಾರಿಯ ಕಣ್ಣಲ್ಲಿ ಒತ್ತುವರಿ. ಫುಟ್‌ಪಾತ್ ಇರುವುದು ನಡೆಯುವವರಿಗೆ ಎಂದರು ತೆರವು ಮಾಡಿದವರು. ನಿಜವೇ, ನಡೆಯುವವರಿಗೂ ಕಾಲಿಡಲು ಜಾಗ ಬೇಕು. ಆದರೆ ನಡೆಯುವವಳನ್ನೂ ಮಾರುವವಳನ್ನೂ ಮೂರಡಿ ಕಲ್ಲಿನ ಮೇಲೆ ಜಗಳಕ್ಕೆ ಬಿಟ್ಟು, ಪಕ್ಕದಲ್ಲೇ ಬಿಟ್ಟಿಯಾಗಿ ನಿಂತಿರುವ ಕಾರನ್ನು ಯಾರೂ ಮಾತಾಡಿಸುವುದಿಲ್ಲ. ಈ ಊರಿನಲ್ಲಿ ಕಾರು ನಿಂತರೆ ಪಾರ್ಕಿಂಗ್, ಗಾಡಿ ನಿಂತರೆ ಒತ್ತುವರಿ.

ಪಾಠದ ಕೋಣೆಗೆ ವಾಪಸಾದರೆ ಅಲ್ಲಿ ವಿದೇಶ ಪ್ರವಾಸ ನಡೆದಿರುತ್ತದೆ. ಬ್ರೆಜಿಲ್ಲಿನ ಪೋರ್ಟೊ ಅಲೆಗ್ರೆಯಲ್ಲಿ 1989ರಿಂದ ಜನರೇ ಸಭೆ ಸೇರಿ ಊರಿನ ಬಜೆಟ್ಟಿನ ಒಂದು ಪಾಲನ್ನು ಹಂಚಿಕೊಂಡದ್ದು, ಕೊಲಂಬಿಯಾದ ಮೆಡೆಯಿನ್ ಗುಡ್ಡದ ಬಡವರಿಗೆ 2004ರಲ್ಲಿ ಕೇಬಲ್ ಕಾರು ಬಂದದ್ದು. ಕೇಳಿ ರೋಮಾಂಚನವಾಗುತ್ತದೆ. ಪೋರ್ಟೊ ಅಲೆಗ್ರೆಯಲ್ಲಿ ಅದನ್ನು ತಂದದ್ದು ಚುನಾವಣೆ ಗೆದ್ದು ಬಂದ ಒಂದು ಕಾರ್ಮಿಕರ ಪಕ್ಷ ಎಂಬ ವಿವರ ಮಾತ್ರ ಸಣ್ಣ ಅಕ್ಷರದಲ್ಲಿರುತ್ತದೆ. ಕೋರ್ಸಿಗೆ ಪಕ್ಷ ರಾಜಕೀಯ ಆಗಿಬರುವುದಿಲ್ಲ.

ಜೇನ್ ಜೇಕಬ್ಸ್ ಇಲ್ಲದೆ ಈ ತರಗತಿ ಪೂರ್ಣವಾಗುವುದೇ ಇಲ್ಲ. ನ್ಯೂಯಾರ್ಕಿನ ಈ ಹೆಂಗಸು ಅಮೆರಿಕದ ನಗರಗಳ ಸಾವು ಬದುಕಿನ ಬಗ್ಗೆ 1961ರಲ್ಲಿ ಬರೆದ ಪುಸ್ತಕ ಇಡೀ ನಗರ ಯೋಜನೆಯ ಶಾಸ್ತ್ರವನ್ನೇ ತಲೆಕೆಳಗು ಮಾಡಿತು. ಮ್ಯಾನ್‌ಹಟನ್ನಿನ ನಡುವೆ ಹೆದ್ದಾರಿ ಕೊರೆಯುವ ಯೋಜನೆಯನ್ನು ನೆರೆಹೊರೆಯವರ ಜೊತೆ ಸೇರಿ ನಿಲ್ಲಿಸಿದಳು. 1968ರಲ್ಲಿ ಅದರ ಅಹವಾಲು ಸಭೆಯಲ್ಲಿ ಪೊಲೀಸರು ಅವಳನ್ನು ಬಂಧಿಸಿದರು. ಅವಳಿಗೆ ಕಾಲೇಜು ಪದವಿ ಇರಲಿಲ್ಲ. ಪುಸ್ತಕ ಬಂದಾಗ ವಯಸ್ಸು ನಲವತ್ತು ದಾಟಿತ್ತು. ಆಮೇಲೆ ಮೈಮೇಲೆ ಪೊಲೀಸ್ ಕೇಸು ಬೇರೆ. ನಮ್ಮ ಕೋರ್ಸಿಗೆ ಅರ್ಜಿ ಹಾಕಿದ್ದರೆ ಮೊದಲ ಜರಡಿಯಲ್ಲೇ ಉದುರಿಹೋಗುತ್ತಿದ್ದಳು. ಸದ್ಯ, ಅರ್ಜಿ ಹಾಕುವ ಕಷ್ಟ ಅವಳಿಗೆ ಬರಲಿಲ್ಲ, ಅವಳ ಭಾವಚಿತ್ರ ಮಾತ್ರ ಗೋಡೆಯ ಮೇಲಿದೆ.

ನಮ್ಮ ಗೋಡೆಗೆ ನಮ್ಮವರೇ ಸಾಕಷ್ಟು ಜನ ಇದ್ದರು. 2016ನೇ ಇಸವಿ ಒಂದನ್ನೇ ತೆಗೆದುಕೊಳ್ಳಿ. ಆ ಫೆಬ್ರವರಿಯಲ್ಲಿ ಭವಿಷ್ಯನಿಧಿಯ ದುಡ್ಡನ್ನು ಬೇಕಾದಾಗ ತೆಗೆಯದಂತೆ ಕೇಂದ್ರ ಸರ್ಕಾರ ನಿಯಮ ತಂದಿತು. ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಲಿಗೆ ಯಂತ್ರ ಬಿಟ್ಟು ಹೊಸೂರು ರಸ್ತೆಗೆ ಇಳಿದರು. ಸಾವಿರಾರು ಜನ. ಹೇಳಿಕೊಳ್ಳುವಂಥ ಮುಖಂಡರಿಲ್ಲ, ಅಂಟುಚೀಟಿ ಇಲ್ಲ. ಎರಡು ದಿನಕ್ಕೆ ದೆಹಲಿ ಆ ನಿಯಮವನ್ನು ವಾಪಸು ತೆಗೆದುಕೊಂಡಿತು. ಅದೇ ವರ್ಷ ಅಕ್ಟೋಬರಿನಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಮೇಲ್ಸೇತುವೆ ಬೇಡ ಎಂದು ಜನ ಕೈಕೈ ಹಿಡಿದು ಸಾಲಾಗಿ ನಿಂತರು. 6.7 ಕಿಲೋಮೀಟರ್ ಸೇತುವೆ, 1,791 ಕೋಟಿ ರೂಪಾಯಿ, ಎಂಟುನೂರಕ್ಕೂ ಹೆಚ್ಚು ಮರ. 2017ರ ಮಾರ್ಚಿನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು.

ಈ ಎರಡನೆಯ ಕತೆ ಎಲ್ಲ ತರಬೇತಿಗಳಲ್ಲೂ ಇದೆ. ಮೊದಲನೆಯದನ್ನು ನಾನು ಎಲ್ಲೂ ಕೇಳಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ಮರಕ್ಕಾಗಿ ಕೈ ಹಿಡಿದು ನಿಂತವರು ನಮ್ಮಂಥವರು. ಅವರು ಮಾಡಿದ್ದು ನಾಗರಿಕ ಚಳವಳಿ. ಹೊಸೂರು ರಸ್ತೆಯಲ್ಲಿ ಕೂತವರು ಮಾಡಿದ್ದು ಟ್ರಾಫಿಕ್ ಜಾಮ್.

ಅದಕ್ಕೂ ಮೂರು ವರ್ಷ ಹಿಂದೆ, 2013ರ ಜನವರಿಯಲ್ಲಿ, ಈಜಿಪುರದಲ್ಲಿ ಬಡವರ ಕ್ವಾರ್ಟರ್ಸಿನ ಜಾಗದಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದ ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು ಜೆಸಿಬಿ ತಂದು ಎಬ್ಬಿಸಿದರು. ಪಾಲಿಕೆಯ ಜಮೀನು, ಖಾಸಗಿ ಪಾಲುದಾರಿಕೆ, ಒಂದು ಕಡೆ ಬಡವರಿಗೆ ಮನೆ, ಇನ್ನೊಂದು ಕಡೆ ಮಾಲ್ ಎಂಬ ಒಪ್ಪಂದ. ಚಳಿಯಲ್ಲಿ ಫುಟ್‌ಪಾತಿನ ಮೇಲೆ ಮಲಗಿದವರಿಗಾಗಿ ಕೈ ಹಿಡಿದು ನಿಂತವರು ಇರಲಿಲ್ಲವೆಂದಲ್ಲ. ಬೆರಳೆಣಿಕೆಯಷ್ಟು ಇದ್ದರು, ಕೆಲವರು ಜೈಲಿಗೂ ಹೋದರು. ಸರಪಳಿಯಾಗುವಷ್ಟು ಇರಲಿಲ್ಲ. ಸಮಾನತೆಯ ಪಾಠ ಕಲಿಯುವವರು ಮೊದಲು ಹೋಗಿ ನೋಡಬೇಕಾದ ಜಾಗ ಅದು. ಆದರೆ ನೋಡಿ ಬಂದವರು ಜಮೀನು ಯಾರದು, ಸಹಿ ಯಾರದು ಎಂದು ಕೇಳತೊಡಗಿದರೆ? ಪ್ರಾಯೋಜಕರು ಮುಜುಗರಪಡುತ್ತಾರೆ.

ಹಾಗಾಗಿ ಹನ್ನೆರಡನೆಯ ವಾರದ ಯೋಜನಾ ಕಾರ್ಯಕ್ಕೆ ಯಾರೂ ಸಹಿಯ ತಂಟೆಗೆ ಹೋಗುವುದಿಲ್ಲ, ಬಣ್ಣದ ತಂಟೆಗೆ ಹೋಗುತ್ತಾರೆ. ಫ್ಲೈಓವರಿನ ಕಂಬಕ್ಕೆ ವಾರ್ಲಿ ಚಿತ್ತಾರ. ಭಾನುವಾರ ಒಂದು ರಸ್ತೆಗೆ ನೀಲಿ ಹಳದಿ ವೃತ್ತ ಬರೆದು, ನಾಲ್ಕು ಕುರ್ಚಿ ಹಾಕಿ, ಮಕ್ಕಳನ್ನು ಕರೆತಂದು ಕುಂಟೆಬಿಲ್ಲೆ ಆಡಿಸಿ, ಡ್ರೋನಿನಿಂದ ಫೋಟೊ ತೆಗೆಯುತ್ತಾರೆ. ಸೋಮವಾರ ಜಲಮಂಡಳಿಯವರು ಬಂದು ಅಗೆಯುತ್ತಾರೆ. ಮಂಗಳವಾರ ಬೆಸ್ಕಾಂ. ವರದಿಯಲ್ಲಿ ಮಾತ್ರ ಭಾನುವಾರವೇ ಇರುತ್ತದೆ.

ಊರಿನ ನಿಜವಾದ ಹಂಚಿಕೆ ನಡೆಯುವುದು ಬೇರೆ ಕಡೆ. 2007ರಲ್ಲಿ 110 ಹಳ್ಳಿಗಳನ್ನು ಬೆಂಗಳೂರಿಗೆ ಸೇರಿಸಿಕೊಂಡರು. ಕಂದಾಯ ಆಗಿನಿಂದಲೇ ಬೇಕಾಯಿತು, ಆ ಹಳ್ಳಿಗಳ ಹೆಸರಿನ ಕಾವೇರಿ ನೀರಿನ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ನಡುವಿನ 17 ವರ್ಷ ಟ್ಯಾಂಕರಿನವರು ಸಾಕಿದರು. ಅದೇ ಅವಧಿಯಲ್ಲಿ ಊರಿನ ಅತಿ ಚೆಂದದ ಫುಟ್‌ಪಾತುಗಳು ಟೆಂಡರ್‌ಶ್ಯೂರ್ ಹೆಸರಿನಲ್ಲಿ ವಿಠ್ಠಲ್ ಮಲ್ಯ ರಸ್ತೆಯಲ್ಲಿ, ರೆಸಿಡೆನ್ಸಿ ರಸ್ತೆಯಲ್ಲಿ ಬಂದವು. ಕಾರಿನಲ್ಲಿ ಬಂದು ಇಳಿಯುವವರು ನಡೆಯಲಿ ಎಂದು. ನಿತ್ಯ ನಡೆಯಲೇಬೇಕಾದವರ ಪೀಣ್ಯಕ್ಕೂ ಬೊಮ್ಮನಹಳ್ಳಿಗೂ ಆ ಕಲ್ಲು ಸಾಲಲಿಲ್ಲ. 2025ರ ಫೆಬ್ರವರಿಯಲ್ಲಿ ಮೆಟ್ರೊದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ಜೊತೆಗೆ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುಮಾರು 17 ಕಿಲೋಮೀಟರ್ ಸುರಂಗ ರಸ್ತೆ, 17 ಸಾವಿರ ಕೋಟಿಗೂ ಮೀರಿದ ಅಂದಾಜು, ಟೋಲ್ ಬೇರೆ. ನೆಲದ ಮೇಲೆ ಬಸ್ಸಿಗೊಂದು ಪಟ್ಟೆ ಬಿಡಿ ಎಂದು ಕೇಳಿದವರಿಗೆ ನೆಲದಡಿ ಕಾರಿನ ದಾರಿ ತೋರಿಸಿದರು.

ಇದೆಲ್ಲ ಯಾವ ಯೋಜನೆಯ ಪ್ರಕಾರ ಎಂದು ಕೇಳಬೇಡಿ. ಜಾರಿಯಲ್ಲಿರುವ ನಗರ ಯೋಜನೆಯ ಹೆಸರು ಮಾಸ್ಟರ್ ಪ್ಲಾನ್ 2015. 2007ರಲ್ಲಿ ಒಪ್ಪಿಗೆಯಾದದ್ದು. 2031ರದ್ದರ ಕರಡನ್ನು 2017ರ ನವೆಂಬರಿನಲ್ಲಿ ಹೊರಗೆ ಬಿಟ್ಟು, ಆಮೇಲೆ ಹಿಂದಕ್ಕೆ ತೆಗೆದುಕೊಂಡರು. ಹತ್ತು ವರ್ಷ ಹಳೆಯ ಪಂಚಾಂಗ ಹಿಡಿದು ಲಗ್ನ ಇಡುವ ಪುರೋಹಿತರನ್ನು ನಾವು ಮನೆಗೆ ಕರೆಯುವುದಿಲ್ಲ. ಊರಿಗೆ ಪರವಾಗಿಲ್ಲ. ಯೋಜನೆ ಮಾಡಬೇಕಾದದ್ದು ಮಹಾನಗರ ಯೋಜನಾ ಸಮಿತಿ, ಅದರ ಮೂರನೇ ಎರಡು ಭಾಗ ಸದಸ್ಯರನ್ನು ಪಾಲಿಕೆ, ಪಂಚಾಯಿತಿಗಳ ಚುನಾಯಿತರೇ ತಮ್ಮೊಳಗಿಂದ ಆರಿಸಬೇಕು ಎಂದು ಸಂವಿಧಾನ ಹೇಳುತ್ತದೆ. ಮತ್ತೆ ಅದೇ ತೊಡಕು: ಆರಿಸಲು ಚುನಾಯಿತರು ಬೇಕಲ್ಲ.

ಬೆಂಗಳೂರಿಗೆ ಆಹ್ವಾನಿತ ನಾಯಕರ ದೊಡ್ಡ ಪರಂಪರೆಯೇ ಇದೆ ಎನ್ನಿ. 1999ರಲ್ಲಿ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅವರು ನಂದನ್ ನಿಲೇಕಣಿ ನೇತೃತ್ವದಲ್ಲಿ ಬೆಂಗಳೂರು ಅಜೆಂಡಾ ಟಾಸ್ಕ್ ಫೋರ್ಸ್ ಕಟ್ಟಿದರು. ಆ ಕಾಲದಲ್ಲಿ ಒಂದಷ್ಟು ಶೌಚಾಲಯ ಬಂದವು, ಆಸ್ತಿ ತೆರಿಗೆಯನ್ನು ಮನೆಯವರೇ ಲೆಕ್ಕ ಹಾಕಿ ಕಟ್ಟುವ ಪದ್ಧತಿ ಬಂತು. ಅದನ್ನು ಅಲ್ಲಗಳೆಯುವುದು ಸರಿಯಲ್ಲ. 2008ರಲ್ಲಿ ಯಡಿಯೂರಪ್ಪ ಅವರ 'ಅಬೈಡ್' ಕಾರ್ಯಪಡೆ ಬಂತು. 2016ರಲ್ಲಿ ಸಿದ್ದರಾಮಯ್ಯ ಅವರ ಬ್ಲೂಪ್ರಿಂಟ್ ಗುಂಪು ಬಂತು. 2023ರಲ್ಲಿ ಡಿ.ಕೆ. ಶಿವಕುಮಾರ್ ಅವರ ಬ್ರ್ಯಾಂಡ್ ಬೆಂಗಳೂರು ಬಂತು. ಅದಕ್ಕೆ ಜನ ಕಳಿಸಿದ ಸಲಹೆಗಳೇ 70 ಸಾವಿರ. ಎಪ್ಪತ್ತು ಸಾವಿರ ಸಲಹೆಗಾರರಿರುವ ಊರಿನಲ್ಲಿ ಒಬ್ಬ ಕಾರ್ಪೊರೇಟರ್ ಇಲ್ಲ! ಪಕ್ಷ ಬದಲಾದರೂ ಆಳುವವರ ಅಭಿರುಚಿ ಬದಲಾಗಲಿಲ್ಲ. ಓಟಿನಿಂದ ಬಂದವನಿಗಿಂತ ಕರೆದರೆ ಬರುವವನು ಒಳ್ಳೆಯವನು. ಬೇಡವಾದಾಗ ಕರೆಯದಿದ್ದರಾಯಿತು.

ಈಗಿನ ತರಬೇತಿಗಳ ಮೇಲೂ ಸರ್ಕಾರಕ್ಕೆ ಪ್ರೀತಿ ಇರುವುದು ಇದಕ್ಕೇ. ಉದ್ಘಾಟನೆಗೆ ಮಂತ್ರಿಗಳು ಬಂದು ದೀಪ ಹಚ್ಚುತ್ತಾರೆ, ಯುವಜನರು ರಾಜಕೀಯಕ್ಕೆ ಬರಬೇಕು ಎನ್ನುತ್ತಾರೆ, ಯುವಜನರು ಚಪ್ಪಾಳೆ ತಟ್ಟುತ್ತಾರೆ. ನಾಮಪತ್ರ ಎಲ್ಲಿ ಸಲ್ಲಿಸಬೇಕು ಎಂದು ಆ ಸಭೆಯಲ್ಲಿ ಒಬ್ಬರಾದರೂ ಎದ್ದು ಕೇಳಿದ್ದರೆ ಅವತ್ತಿನ ಕಾರ್ಯಕ್ರಮ ಸಾರ್ಥಕವಾಗುತ್ತಿತ್ತು. ಬೆಂಗಳೂರಿನ 28 ಶಾಸಕರಿಗೂ ಈ ಏರ್ಪಾಡು ಹಿತವಾಗಿದೆ. ಕಾರ್ಪೊರೇಟರ್ ಇಲ್ಲದ ವಾರ್ಡಿನಲ್ಲಿ ಮೋರಿ, ದೀಪ, ಡಾಂಬರು ಎಲ್ಲಕ್ಕೂ ಶಾಸಕರೇ ಮಾಲೀಕರು, ಗುದ್ದಲಿಪೂಜೆಗೆ ಪೈಪೋಟಿ ಇಲ್ಲ. ಹೊಸ ಗ್ರೇಟರ್ ಬೆಂಗಳೂರು ಪ್ರಾಧಿಕಾರಕ್ಕೂ ಮುಖ್ಯಮಂತ್ರಿಗಳೇ ಅಧ್ಯಕ್ಷರು. ಮೇಲಿನವರು ಕೆಳಗಿನ ಕೆಲಸವನ್ನೂ ಹೊತ್ತುಕೊಂಡಿರುವಾಗ ಕೆಳಗಿನವರು ಆರಾಮಾಗಿ ತರಬೇತಿ ಪಡೆಯಬಹುದು.

ತರಬೇತಿಯೇ ಬೇಡ ಎಂದರೆ ಅದು ಸುಳ್ಳಾಗುತ್ತದೆ. ಕೇರಳ 1996ರಲ್ಲಿ ಜನಯೋಜನೆ ಶುರು ಮಾಡಿದಾಗ ರಾಜ್ಯದ ಯೋಜನಾ ಹಣದ ಮೂರನೇ ಒಂದು ಭಾಗಕ್ಕೂ ಹೆಚ್ಚನ್ನು ಸ್ಥಳೀಯ ಸಂಸ್ಥೆಗಳ ಕೈಗೆ ಕೊಟ್ಟು, ಮೇಷ್ಟರು, ನಿವೃತ್ತ ಎಂಜಿನಿಯರು, ಪಂಚಾಯಿತಿ ಸದಸ್ಯರು ಎಂದು ಊರೂರಿನಲ್ಲಿ ಜನರನ್ನು ಹಿಡಿದು ಕೂರಿಸಿ ಕಲಿಸಿದರು. ಮೊದಲು ದುಡ್ಡು ಮತ್ತು ಅಧಿಕಾರ, ಜೊತೆಗೆ ಪಾಠ. ನಮ್ಮಲ್ಲೂ ನಡೆದಿತ್ತು. ಕೊಳವೆಬಾವಿ ತೋಡಿಸಿ 'ನೀರ್ ಸಾಬ್' ಎನಿಸಿಕೊಂಡ ಅಬ್ದುಲ್ ನಜೀರ್ ಸಾಬ್ ಅವರು 1983ರ ಪಂಚಾಯಿತಿ ಕಾಯ್ದೆಯಲ್ಲಿ ಹೆಂಗಸರಿಗೆ ನೂರಕ್ಕೆ 25 ಸ್ಥಾನ ಇಟ್ಟರು, 1987ರಲ್ಲಿ ಚುನಾವಣೆ ನಡೆಸಿದರು. ಸ್ಥಳೀಯ ಸಂಸ್ಥೆಗಳ ಕುರಿತು ಸಂವಿಧಾನಕ್ಕೆ 73ನೇ, 74ನೇ ತಿದ್ದುಪಡಿ ಬರಲು ಇನ್ನೂ ವರ್ಷಗಳಿದ್ದವು. ಗೆದ್ದು ಬಂದ ಹೆಂಗಸರಲ್ಲಿ ಎಷ್ಟೋ ಜನಕ್ಕೆ ಸಹಿ ಮಾಡಲು ಬರುತ್ತಿರಲಿಲ್ಲ. ಮೊದಲು ಕುರ್ಚಿ ಕೊಟ್ಟರು, ಅಕ್ಷರ ಆಮೇಲೆ ಬಂತು. ನಾವೀಗ ಅಕ್ಷರ ಕೊಟ್ಟು, ಸ್ಲೈಡು ಕೊಟ್ಟು, ಚೀಲ ಕೊಟ್ಟು ಕಳಿಸುತ್ತೇವೆ. ಕುರ್ಚಿ ಮಾತ್ರ ಕೊಡುವುದಿಲ್ಲ. ಮೈಸೂರಿನಲ್ಲಿ ರಾಜ್ಯ ನಗರಾಭಿವೃದ್ಧಿ ಸಂಸ್ಥೆ ಇದೆ, ಗೆದ್ದು ಬಂದ ನಗರ ಪ್ರತಿನಿಧಿಗಳಿಗೆ ಪಾಠ ಹೇಳುವುದು ಅದರ ಕೆಲಸಗಳಲ್ಲೊಂದು. ಐದು ವರ್ಷ ಪೂರ್ತಿ ರಾಜ್ಯದ ಅತಿ ದೊಡ್ಡ ನಗರದಿಂದ ಅಲ್ಲಿಗೆ ಕಳಿಸಲು ಒಬ್ಬ ವಿದ್ಯಾರ್ಥಿಯೂ ಇರಲಿಲ್ಲ.

ಕೋರ್ಸು ಮುಗಿಸಿದ ಮಕ್ಕಳ ಮೇಲೆ ನನಗೆ ಕೋಪವಿಲ್ಲ. ಅವರಲ್ಲಿ ಕೆಲವರು ನಕಾಶೆ ಓದಬಲ್ಲರು, ಮಾಹಿತಿ ಹಕ್ಕಿನ ಅರ್ಜಿ ಹಾಕಿ ರಾಜಕಾಲುವೆಯ ಒತ್ತುವರಿ ಹುಡುಕಿ ತೆಗೆಯಬಲ್ಲರು, ಬಿಸಿಲಲ್ಲಿ ನಿಂತು ಬಸ್ಸು ಎಣಿಸಬಲ್ಲರು. ಬುದ್ಧಿ ಇದೆ, ಮನಸ್ಸೂ ಇದೆ. ಆದರೆ ಹೋಗಲು ಜಾಗವಿಲ್ಲ. ಆದ್ದರಿಂದ ಒಬ್ಬರು ಕನ್ಸಲ್ಟೆಂಟ್ ಆಗಿ, ತಾವು ವಿರೋಧಿಸಿದ್ದ ಯೋಜನೆಗೇ ಸಾಮಾಜಿಕ ಪರಿಣಾಮದ ವರದಿ ಬರೆಯುತ್ತಾರೆ. ಒಬ್ಬರು ಪ್ರಮಾಣಪತ್ರದ ಬಲದ ಮೇಲೆ ಹೊರದೇಶಕ್ಕೆ ಎಂ.ಎ. ಓದಲು ಹೋಗುತ್ತಾರೆ. ನಾಯಕರು ಉದಯಿಸುವುದು ಬೆಂಗಳೂರಿನಲ್ಲಿ, ಬೆಳಗುವುದು ಬಾಸ್ಟನ್ನಿನಲ್ಲಿ. ಅಲ್ಲಿನ ತರಗತಿಯಲ್ಲಿ ಈ ಸೊಪ್ಪಿನವಳ ಕತೆ ಹೇಳಿ ಕಣ್ಣು ಒದ್ದೆ ಮಾಡಿಸುತ್ತಾರೆ. ಅವಳ ಫೋಟೊಗೆ ಒಪ್ಪಿಗೆ ಕೇಳಲು ಮರೆತದ್ದು ಆಗ ನೆನಪಾಗುತ್ತದೆ.

ಹೋಟೆಲುಗಳಲ್ಲಿ ತರಗತಿ ನಡೆಸುತ್ತಿರುವ ಸಂಸ್ಥೆಗಳಿಗೆ ಒಂದೆರಡು ಮಾತು. ಮುಂದಿನ ತಂಡದ ಪಾಠವನ್ನು ವಾರ್ಡ್ ಕಚೇರಿಯಲ್ಲಿ ಇಟ್ಟುಕೊಳ್ಳಿ. ಅಲ್ಲಿ ಫ್ಯಾನ್ ತಿರುಗದಿದ್ದರೆ, ಅದನ್ನು ತಿರುಗಿಸುವುದು ಹೇಗೆಂಬುದೇ ಮೊದಲ ಪಾಠವಾಗಲಿ. ಇಂಗ್ಲಿಷ್ ಪ್ರಬಂಧ ತೆಗೆದುಹಾಕಿ. ಪೌರಕಾರ್ಮಿಕರನ್ನೂ ಸೊಪ್ಪಿನವರನ್ನೂ ಪಾಠ ಹೇಳಲು ಕರೆಯಿರಿ. ವಿದೇಶದಿಂದ ಬರುವ ಪ್ರಾಧ್ಯಾಪಕರಿಗೆ ಕೊಡುವ ಗೌರವಧನವನ್ನು ಅವರಿಗೂ ಕೊಡಿ, ಮಜ್ಜಿಗೆ ಪ್ಯಾಕೆಟ್ಟು ಕೊಟ್ಟು ಕೈತೊಳೆದುಕೊಳ್ಳಬೇಡಿ. ಕೊನೆಯ ವಾರ ಕಂಬಕ್ಕೆ ಬಣ್ಣ ಬಳಿಯುವ ಬದಲು ನಾಮಪತ್ರ ತುಂಬುವುದನ್ನು ಕಲಿಸಿ.

ಓದುಗರಿಗೆ ಒಂದು ಪ್ರಶ್ನೆ. ನೀವು ಬೆಂಗಳೂರಿನವರಾದರೆ, 369ರಲ್ಲಿ ನಿಮ್ಮ ವಾರ್ಡ್ ಯಾವುದು, ಅದು ಐದು ಪಾಲಿಕೆಗಳಲ್ಲಿ ಯಾವುದಕ್ಕೆ ಸೇರಿದೆ ಎಂದು ಗೊತ್ತೇ? ಹಳೆಯ ನಂಬರು ಹೇಳಬೇಡಿ, ಅದು ಬದಲಾಗಿದೆ. ಗೊತ್ತಿಲ್ಲದಿದ್ದರೆ ಈ ವಾರ ತಿಳಿದುಕೊಳ್ಳಿ. ಆಮೇಲೆ ವಾರ್ಡ್ ಕಚೇರಿಗೆ ಹೋಗಿ, ವಾರ್ಡ್ ಸಮಿತಿಯ ಸಭೆ ಯಾವತ್ತು ಎಂದು ಕನ್ನಡದಲ್ಲೇ ಕೇಳಿ. ಅದಕ್ಕೆ ಅರ್ಜಿ ಶುಲ್ಕವಿಲ್ಲ, ವಯೋಮಿತಿಯೂ ಇಲ್ಲ.